ಓಪನ್ ಜಿಮ್ ಹಾಕಿಸುವ ಮೊದಲು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಬಂಧುಗಳೇ,

ನಮ್ಮ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು ಎನ್ನುತ್ತದೆ ಮಹಾರಾಷ್ಟ್ರದ ಸಹಕಾರಿ ಕಾಯ್ದೆ. ಅದಕ್ಕೆ 14 ದಿನ ಮೊದಲೇ ನೋಟಿಸು ಬರುತ್ತದೆ. ಈ ಸಲ ಅದರಲ್ಲಿ ‘ಓಪನ್ ಜಿಮ್’ ಎಂಬ ವಿಷಯವಿದ್ದರೆ ದಯವಿಟ್ಟು ಸಭೆ ತಪ್ಪಿಸಬೇಡಿ. ಇರಲಾರದು ಎನಿಸಿದರೆ ನೋಟಿಸು ಹೊರಡುವ ಮೊದಲೇ ನೀವೇ ಪತ್ರ ಕೊಟ್ಟು ಸೇರಿಸಿ.

ಯಾಕೆ ಇಷ್ಟು ಒತ್ತಾಯ? ನಮ್ಮ ಮನೆಯ ಹತ್ತಿರದ ಒಂದು ಉದ್ಯಾನದಲ್ಲಿ ಬಣ್ಣಬಣ್ಣದ ವ್ಯಾಯಾಮದ ಉಪಕರಣಗಳು ಬಂದಾಗ ನಾವೆಲ್ಲ ಹಿಗ್ಗಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಲೆಗ್ ಪ್ರೆಸ್ಸಿನ ಕಂಬ ಬುಡದಲ್ಲೇ ತುಕ್ಕು ತಿಂದು, ಒಂದು ಬೆಳಿಗ್ಗೆ ನಮ್ಮ ಕಟ್ಟಡದ ಅಜ್ಜಿಯೊಬ್ಬರು ಕೂತಿದ್ದ ಆಸನ ವಾಲಿತು. ಅವರ ಮಣಿಕಟ್ಟು ಮುರಿಯಿತು. ಆಮೇಲೆ ಅದಕ್ಕೊಂದು ಹಗ್ಗ ಕಟ್ಟಿ ಬಿಟ್ಟರು. ತಂದು ನಿಲ್ಲಿಸಲು ಹಣವಿತ್ತು, ಬೋಲ್ಟು ಬಿಗಿಯಲು ಯಾರೂ ಇರಲಿಲ್ಲ.

ಹಾಗೆಂದು ಓಪನ್ ಜಿಮ್ಮೇ ಬೇಡ ಎನ್ನುತ್ತಿಲ್ಲ. ನಾವು ನಡೆಯುವುದಕ್ಕೇನೂ ಕಡಿಮೆ ಮಾಡಿಲ್ಲ. ಲೋಕಲ್ ಹಿಡಿಯುವವರಿಗೆ ನಡಿಗೆ ತಪ್ಪದು. ಕಡಿಮೆಯಾಗಿರುವುದು ಕಸುವು. ಸ್ಟೇಷನ್ನಿನ ಸೇತುವೆ ಹತ್ತುತ್ತ ನಡುವೆ ಮೊಣಕಾಲು ಹಿಡಿದು ನಿಲ್ಲುವ ಐವತ್ತರ ಪ್ರಾಯದವರನ್ನು ದಿನವೂ ಕಾಣುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದನ್ನೇ: ವಯಸ್ಕರು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು, 65 ದಾಟಿದವರು ಬೀಳದಂತಿರಲು ಸಮತೋಲನ ಮತ್ತು ಬಲದ ವ್ಯಾಯಾಮವನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು.

ನಮ್ಮ ಹಳ್ಳಿಯ ಹಿರಿಯರಿಗೆ ಇದು ಹೊಸದಲ್ಲ. ಅವರು ಸಂಗ್ರಾಣಿ ಕಲ್ಲು ಎತ್ತಿದವರು, ಗರಡಿಯಲ್ಲಿ ದಂಡ, ಬೈಠಕ್ ಹೊಡೆದವರು. ಅಲ್ಲಿ ಭಾರವೇ ಗುರು. ಆದರೆ ಕ್ಯಾಟಲಾಗಿನಲ್ಲಿ ಮೊದಲು ಕಣ್ಣಿಗೆ ಬೀಳುವ ಏರ್ ವಾಕರ್, ಟ್ವಿಸ್ಟರ್‌ಗಳಲ್ಲಿ ಭಾರವೇ ಇಲ್ಲ. ಕೀಲು ಸಡಿಲಾಗುತ್ತದೆ, ಒಳ್ಳೆಯದೇ, ಬಲ ಬರುವುದಿಲ್ಲ. ಹತ್ತು ಉಪಕರಣದ ಸೆಟ್ಟು ಬಿಡಿ, ಗಟ್ಟಿಯಾದ ನಾಲ್ಕೈದು ಸಾಕು: ಎರಡು ಎತ್ತರದ ಪುಲ್ ಅಪ್ ಬಾರ್, ಪ್ಯಾರಲಲ್ ಬಾರ್, ಮೈಯ ಭಾರವನ್ನೇ ಎತ್ತಿಸುವ ಚೆಸ್ಟ್ ಪ್ರೆಸ್ ಮತ್ತು ಲೆಗ್ ಪ್ರೆಸ್, ಹಿರಿಯರು ಹಿಡಿದು ಏಳುವಂಥ ಕಂಬಿ ಇರುವ ಮೆಟ್ಟಿಲು. ಆರಿಸುವ ಮುಂಚೆ ಹೆಂಗಸರನ್ನೂ ಹಿರಿಯರನ್ನೂ ಕೇಳಿ. ಬಳಸಬೇಕಾದವರು ಅವರೇ, ಸಮಿತಿಯಲ್ಲಿ ಕಡಿಮೆ ಇರುವವರೂ ಅವರೇ.

ಇನ್ನು ಕಬ್ಬಿಣದ ಮಾತು. ನವಿ ಮುಂಬಯಿಯಲ್ಲಿ ಖಾರಿಯ ಉಪ್ಪು ಗಾಳಿ. ಡೊಂಬಿವಲಿಯ ಎಂಐಡಿಸಿ ಬಳಿ ರಾಸಾಯನಿಕದ ಗಾಳಿ. 2014ರ ಜನವರಿಯಲ್ಲಿ ಅಲ್ಲಿ ಹಸಿರು ಮಳೆ ಬಿದ್ದದ್ದನ್ನೂ 2020ರಲ್ಲಿ ರಸ್ತೆ ಗುಲಾಬಿಯಾದದ್ದನ್ನೂ ನಾವು ಮರೆತಿಲ್ಲ. ಇಂಥಲ್ಲಿ ಬರೀ ಪೌಡರ್ ಕೋಟಿಂಗ್ ಮಾಡಿದ ಪೈಪು ಹೆಚ್ಚು ದಿನ ಬಾಳದು. ಬೆಸುಗೆಯ ಜಾಗದಿಂದಲೇ ತುಕ್ಕು ಒಳಗೆ ಹೋಗುತ್ತದೆ. ಕರಗಿಸಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದು, ಅಂದರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಆದದ್ದು ಬೇಕು. ಬಣ್ಣ ಅದರ ಮೇಲೆ. ಇದಕ್ಕೆ ಐಎಸ್ 4759 ಎಂಬ ಭಾರತೀಯ ಮಾನದಂಡವಿದೆ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಖಾರಿಗೆ ತೀರ ಹತ್ತಿರವಿದ್ದರೆ ನಟ್ಟು ಬೋಲ್ಟುಗಳಾದರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ.

ಕೂರಿಸುವಾಗ ಯಾರಾದರೊಬ್ಬರು ಎದುರಿಗೆ ನಿಲ್ಲಿ. ಪೇವರ್ ಬ್ಲಾಕಿನ ಮೇಲೆ ಬೋಲ್ಟು ಹೊಡೆದು ಹೋಗಲು ಬಿಡಬೇಡಿ. ನೆಲ ಅಗೆದು ಕಾಂಕ್ರೀಟ್ ಬುನಾದಿ ಹಾಕಿಸಿ, ಕಂಬದ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಿಸಿ. ಅಂಗಳವೇ ಪೋಡಿಯಂ ಮೇಲಿದ್ದರೆ ಹೆಚ್ಚಿನ ಎಚ್ಚರ: ಸ್ಲ್ಯಾಬಿಗೆ ರಂಧ್ರ ಕೊರೆದರೆ ವಾಟರ್‌ಪ್ರೂಫಿಂಗ್ ಒಡೆದು ಕೆಳಗಿನ ಪಾರ್ಕಿಂಗ್ ಸೋರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಮುಟ್ಟಬೇಡಿ. ಅಗ್ನಿಶಾಮಕ ವಾಹನ ಬರುವ ದಾರಿಯಲ್ಲಿ, ತೆಂಗಿನ ಮರದಡಿಯಲ್ಲಿ ಬೇಡ. ರಾತ್ರಿ ಒಂಬತ್ತಕ್ಕೆ ಕೆಲಸದಿಂದ ಮರಳುವವರಿಗಾಗಿ ದೀಪ ಬೇಕು. ಮಕ್ಕಳ ಜಾರುಬಂಡಿಯಿಂದ ದೂರವಿರಲಿ. ಯುರೋಪಿನ ಮಾನದಂಡ ಇಎನ್ 16630 ಈ ಉಪಕರಣಗಳನ್ನು 1.4 ಮೀಟರಿಗಿಂತ ಎತ್ತರದವರಿಗೆಂದೇ ಇಟ್ಟಿದೆ.

ಖರೀದಿಯ ಠರಾವಿನಲ್ಲೇ ನಿರ್ವಹಣೆಯ ಹಣವನ್ನೂ, ತಿಂಗಳಿಗೊಮ್ಮೆ ಬೋಲ್ಟು, ಬೇರಿಂಗು ನೋಡುವವರ ಹೆಸರನ್ನೂ ಬರೆಸಿ. ನಗರಸೇವಕರ ನಿಧಿಯಿಂದ ಬರುವುದಾದರೂ ಸರಿ, ದುರಸ್ತಿ ಯಾರದು ಎಂಬುದನ್ನು ಪಾಲಿಕೆಯ ಪ್ರಭಾಗ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಡೊಂಬಿವಲಿಯ ಕರ್ನಾಟಕ ಸಂಘದಿಂದ ವಾಶಿಯ ಕನ್ನಡ ಸಂಘದವರೆಗೆ ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ. ಒಂದು ಭಾನುವಾರ ಅಕ್ಕಪಕ್ಕದ ಸೊಸೈಟಿಗಳಿಗೆ ಹೋಗಿ ಕೊಟೇಶನ್ ಓದಿ ಹೇಳಿದರೆ ಅದು ದೊಡ್ಡ ಉಪಕಾರ.

ನೋಟಿಸು ಹೊರಡುವ ಮೊದಲು, ಈ ವಾರವೇ, ಸೆಕ್ರೆಟರಿಗೆ ಪತ್ರ ಕೊಡಿ. ಒಂದು ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ.