‘ಯಜಮಾನರು ಏನು ಮಾಡ್ತಾರೆ?’

ನಮ್ಮ ಸಂಘಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಕಥೆಯಿಂದ ಶುರು ಮಾಡುತ್ತೇನೆ. ಅವಳ ಹೆಸರು ಇಲ್ಲಿ ಬೇಡ. ಹದಿನಾಲ್ಕು ವರ್ಷ ಗಂಡನ ಹೊಡೆತ ತಿಂದು, ಕೊನೆಗೆ ಒಂದು ದಿನ ಇಬ್ಬರು ಮಕ್ಕಳ ಕೈ ಹಿಡಿದು ಹೊರಗೆ ಬಂದಳು. ಮೈಸೂರಿನ ಅಂಚಿನ ಬಡಾವಣೆಯೊಂದರಲ್ಲಿ ಮೂರು ಮನೆಗಳ ಅಡುಗೆ ಕೆಲಸ. ಬಾಡಿಗೆ ಕೊಡುವ ಶಕ್ತಿ ಇತ್ತು. ಕೆಲಸಕ್ಕೂ ಮಕ್ಕಳ ಶಾಲೆಗೂ ಹತ್ತಿರವಾಗಲಿ ಎಂದು ಅದೇ ಬಡಾವಣೆಯಲ್ಲಿ ಮನೆ ಹುಡುಕಲು ಹೊರಟಳು.

ಬಹುತೇಕ ಎಲ್ಲ ಸ್ವಂತ ಮನೆಗಳೇ ಇರುವ ಬಡಾವಣೆ ಅದು. ಗೇಟಿನ ಮುಂದೆ ರಂಗೋಲಿ, ಹೊಂಗೆ ಮರದ ನೆರಳು, ಮಧ್ಯಾಹ್ನವಾದರೆ ಕುಕ್ಕರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆ ಒಂದು ಔಟ್‌ಹೌಸು, ಇಲ್ಲವೇ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುವವರು ಅಲ್ಲಲ್ಲಿ ಇದ್ದಾರೆ. ಅವಳು ಒಂಬತ್ತು ಗೇಟು ತಟ್ಟಿದಳು. ಒಂಬತ್ತು ಕಡೆಯೂ ಮೊದಲ ಪ್ರಶ್ನೆ ಒಂದೇ: “ಯಜಮಾನರು ಏನು ಮಾಡ್ತಾರೆ?”

“ಗಂಡ ಜೊತೇಲಿಲ್ಲಮ್ಮ, ನಾನು ಮತ್ತೆ ಮಕ್ಕಳು” ಎಂದ ಕೂಡಲೇ ಮನೆ ಖಾಲಿ ಇಲ್ಲವಾಗುತ್ತಿತ್ತು. “ಇನ್ನೂ ಸುಣ್ಣಬಣ್ಣ ಆಗಬೇಕು.” “ನಮ್ಮ ಅಕ್ಕನ ಮಗ ಬರ್ತೀನಿ ಅಂದಿದ್ದಾನೆ.” “ನಾವು ಫ್ಯಾಮಿಲಿಗೆ ಮಾತ್ರ ಕೊಡೋದು.” ಒಂದು ತಿಂಗಳಾದರೂ ಬಾಡಿಗೆ ಬೋರ್ಡು ಗೇಟಿನಲ್ಲೇ ನೇತಾಡುತ್ತಿತ್ತು. ತಾಯಿ ಮತ್ತು ಇಬ್ಬರು ಮಕ್ಕಳು ‘ಫ್ಯಾಮಿಲಿ’ ಅಲ್ಲವಂತೆ! ಅವಳು ಅಡುಗೆ ಮಾಡುವ ಮನೆಯವರೇ, “ನೀನು ಒಳ್ಳೆಯವಳೇ ಕಣಮ್ಮ, ಆದ್ರೆ ಅಕ್ಕಪಕ್ಕದವರು ಏನಂತಾರೆ?” ಎಂದರು. ಅಡುಗೆಮನೆಯ ಬೀಗದ ಕೈ ಕೊಟ್ಟು ನಂಬಿದವರಿಗೆ ಔಟ್‌ಹೌಸಿನ ಬೀಗದ ಕೈ ಕೊಡಲು ನಂಬಿಕೆ ಬರಲಿಲ್ಲ.

ಎರಡು ತಿಂಗಳು ತಂಗಿಯ ಮನೆಯ ಹಜಾರದಲ್ಲಿ ಮಲಗಿದಳು. ತಂಗಿಯ ಗಂಡನ ಮುಖ ಗಂಟಾಗತೊಡಗಿದಾಗ ಮಕ್ಕಳನ್ನು ಕರೆದುಕೊಂಡು ಹೊಡೆಯುವ ಗಂಡನ ಮನೆಗೇ ವಾಪಸು ಹೋದಳು. ಮುಂದಿನ ವಾರದ ಸಂಘದ ಸಭೆಯಲ್ಲಿ ಅವಳು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಹೊರಗೆ ಬಾ ಅಂದ್ರಿ, ಬಂದೆ. ಎಲ್ಲಿಗೆ ಅಂತ ನೀವ್ಯಾರೂ ಹೇಳಲಿಲ್ಲ.”

ಇನ್ನೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಒಂಬತ್ತು ಗೇಟುಗಳಲ್ಲಿ ಎರಡು ನಮ್ಮಂಥದೇ ಸಂಘಗಳ ಸದಸ್ಯೆಯರವು.

ಅಕ್ಕತಂಗಿಯರೇ, ನಮ್ಮ ಭಾಷೆಯನ್ನೇ ನೋಡಿ. ಗಂಡನೂ ಯಜಮಾನ, ಮನೆಯ ಒಡೆಯನೂ ಯಜಮಾನ. ‘ನಮ್ಮ ಮನೆಯವರು’ ಎಂದರೂ ಗಂಡನೇ. ಹಾಗಾದರೆ ಬೆಳಗಿನಿಂದ ರಾತ್ರಿಯವರೆಗೆ ಆ ಮನೆಯೊಳಗೆ ದುಡಿಯುವ ನಾವು ಯಾರು? ಹುಟ್ಟಿದಾಗ ತವರು ಅಪ್ಪನದು, ಮದುವೆಯಾದ ಮೇಲೆ ಮನೆ ಗಂಡನದು, ವಯಸ್ಸಾದ ಮೇಲೆ ಮಗನದು. ಬಾಡಿಗೆ ಮನೆಯಾದರೂ ತನ್ನ ಹೆಸರಿನಲ್ಲಿ ಇರಲಿ ಎಂದು ಹೆಣ್ಣು ಕೇಳಿದರೆ ಅಲ್ಲೂ ಒಬ್ಬ ಯಜಮಾನ ಬೇಕು!

‘ಸದ್ದಿಲ್ಲದ ಒಳ್ಳೆಯ ಬಡಾವಣೆ’ ಎಂದು ನಾವು ಹೊಗಳುತ್ತೇವೆ. ಆ ಸದ್ದಿಲ್ಲದಿರುವಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇವರೆಲ್ಲ ಕೊಳೆಗೇರಿಯವರೇ? ಹಳ್ಳಿಯವರೇ? ಅಲ್ಲ. ಸದ್ದಿಲ್ಲದ ಬಡಾವಣೆಗಳಲ್ಲೂ ಇದ್ದಾರೆ, ಕಿಟಕಿ ಮುಚ್ಚಿಕೊಂಡು. ಸ್ವಂತ ಮನೆಯವಳು ಮರ್ಯಾದೆಗೆ ಅಂಜಿ ಬಾಯಿ ಮುಚ್ಚುತ್ತಾಳೆ. ಬಾಡಿಗೆಯವಳ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅವಳು ಕೂಗಿದರೆ ಬೆಳಿಗ್ಗೆ ಮಾಲೀಕರು ಬಂದು, “ನಮ್ಮ ಮನೇಲಿ ಗಲಾಟೆ ಬೇಡ, ತಿಂಗಳ ಕೊನೆಗೆ ಖಾಲಿ ಮಾಡಿ” ಎನ್ನುತ್ತಾರೆ. ಹೊಡೆದವನು ಅವನು, ಪಾತ್ರೆಪಡಗ ಕಟ್ಟುವವಳು ಇವಳು, ಶಾಲೆ ಬಿಡಬೇಕಾದವರು ಮಕ್ಕಳು. ಹಾಗಾಗಿ ಮನೆ ಉಳಿಸಿಕೊಳ್ಳಲು ಅವಳು ಸದ್ದಿಲ್ಲದೆ ಏಟು ತಿನ್ನುವುದನ್ನು ಕಲಿಯುತ್ತಾಳೆ.

2008ರಲ್ಲಿ ‘ಬೆಲ್ ಬಜಾವೋ’ ಎಂಬ ಪ್ರಚಾರ ನಡೆದದ್ದು ಕೆಲವರಿಗೆ ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಏನಾದರೂ ನೆಪ ಹೇಳಿ, ಕೈ ಎತ್ತಿದವನಿಗೆ ‘ಹೊರಗೆ ಜನ ಇದ್ದಾರೆ’ ಎಂದು ತಿಳಿಯಲಿ ಎಂಬುದಷ್ಟೇ ಅದರ ಮಾತು. ಇದಕ್ಕೆ ಕಾನೂನು ಓದಬೇಕಿಲ್ಲ, ಧೈರ್ಯವೂ ಬಹಳ ಬೇಕಿಲ್ಲ. ಒಂದು ಲೋಟ ಸಕ್ಕರೆ ಕೇಳುವಷ್ಟು ನೆರೆತನ ಸಾಕು. ಬಾಡಿಗೆದಾರರನ್ನು ಖಾಲಿ ಮಾಡಿಸುವ ಮೊದಲು ಮನೆ ಮಾಲೀಕರು ಬೆಲ್ ಒತ್ತಬಾರದೇ?

ಕಾನೂನು ನಮ್ಮ ಕೈಯಲ್ಲಿ ಏನು ಕೊಟ್ಟಿದೆ ಎಂಬುದನ್ನೂ ತಿಳಿದಿರೋಣ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡನೊಂದಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂದು ಅದು ಹೇಳುತ್ತದೆ. ಆ ಮನೆ ಯಾರ ಹೆಸರಿನಲ್ಲಾದರೂ ಇರಲಿ, ಸ್ವಂತದ್ದಿರಲಿ, ಬಾಡಿಗೆಯದಿರಲಿ. ಅತ್ತೆಮಾವನ ಹೆಸರಿನ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಎಂಬ ಅರ್ಥ ಬರುವ ತೀರ್ಪು 2006ರಲ್ಲಿ ಬಂದಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಅದನ್ನು ತಪ್ಪೆಂದು ತಿದ್ದಿತು. ಆ ಮನೆಯಲ್ಲಿ ಇರಲು ಸಾಧ್ಯವೇ ಇಲ್ಲ ಎಂದಾದರೆ, ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶ ಕೊಡಬಹುದು. ಇದು ಕಾಯ್ದೆಯ 19ನೆಯ ಕಲಮು. ಅವಳು ತಾತ್ಕಾಲಿಕವಾಗಿ ಎಲ್ಲಿ ವಾಸಿಸುತ್ತಾಳೋ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ತುರ್ತಾದರೆ 181ಕ್ಕೆ ಫೋನು ಮಾಡಬಹುದು.

ಆದರೆ ಕೋರ್ಟು ಬಾಡಿಗೆ ಕೊಡಿಸಬಹುದು, ಬಾಗಿಲು ತೆರೆಸಲಾರದು. ಸರ್ಕಾರದ ‘ಸಖಿ’ ಕೇಂದ್ರದಲ್ಲಿ ಸಾಮಾನ್ಯವಾಗಿ ಐದು ದಿನ ಆಸರೆ. ಆರನೆಯ ದಿನ ಎಲ್ಲಿಗೆ? ಯಾರೋ ಒಬ್ಬರು ತಮ್ಮ ಔಟ್‌ಹೌಸಿನ ಬೀಗದ ಕೈ ಕೊಡದಿದ್ದರೆ 2005ರ ಕಾಯ್ದೆ ಬರೀ ಕಾಗದ.

ಇನ್ನು ದುಡ್ಡಿನ ಮಾತು. ಬಾಡಿಗೆ ಆರು ಸಾವಿರವಾದರೆ, ಹತ್ತು ತಿಂಗಳ ಮುಂಗಡ ಕೇಳುವ ಕಡೆ ಅರವತ್ತು ಸಾವಿರ ಹೊಂದಿಸಬೇಕು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಬೇರೆ. ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎಂದು ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ಮಾಡಿತು, ಆದರೆ ರಾಜ್ಯ ಅದನ್ನು ಒಪ್ಪಿ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬಲ. ಈ ಅರವತ್ತು ಸಾವಿರಕ್ಕೆ ಅವಳು ತವರಿಗೆ ಹೋದರೆ ಸಿಗುವ ಉತ್ತರ ನಮಗೆಲ್ಲ ಗೊತ್ತು: “ಹೊಂದಿಕೊಂಡು ಹೋಗಮ್ಮ.” ಮದುವೆಯಲ್ಲಿ ಹೊಲ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟ ತವರಿಗೆ, ಮಗಳ ಜೀವ ಉಳಿಸಲು ಅದರ ಒಂದು ಪಾಲೂ ಹುಟ್ಟುವುದಿಲ್ಲ! ಅಳಿಯನಿಗೆ ಕೊಟ್ಟರೆ ಮರ್ಯಾದೆ, ಮಗಳಿಗೆ ಕೊಟ್ಟರೆ ಅವಮಾನ. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರಿಂದ ಅಪರಾಧ. ಹಾಗೆ ಪಡೆದದ್ದನ್ನು ಹೆಣ್ಣಿಗೇ ಒಪ್ಪಿಸಬೇಕು ಎಂದು ಅದೇ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಕೇಳಿದ್ದೇವೆ?

ಮನೆ ಕೊಡುವವರ ಅಂಜಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಗಂಡ ಸತ್ತ ಮೇಲೆ ಔಟ್‌ಹೌಸಿನ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ಅಜ್ಜಿಯರಿದ್ದಾರೆ. “ಬಾಡಿಗೆ ನಿಂತರೆ? ಅವಳ ಗಂಡ ಕುಡಿದು ಬಂದು ಗೇಟು ಒದ್ದರೆ?” ಎಂದು ಅವರು ಕೇಳಿದರೆ ಅದು ನಿಜವಾದ ಭಯ. ಇದಕ್ಕೂ ದಾರಿ ಇದೆ. ಅವಳ ಬಳಿಗೆ ಬರಬಾರದು, ಅವಳನ್ನು ಸಂಪರ್ಕಿಸಬಾರದು ಎಂದು ಕೋರ್ಟು ಅದೇ ಕಾಯ್ದೆಯಡಿ ರಕ್ಷಣಾ ಆದೇಶ ಕೊಡಬಹುದು. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಆದರೆ “ಯಾವ ಜನ?” ಎಂದು ಕೇಳಿ ದಲಿತ ಹೆಣ್ಣಿಗೆ, ಮುಸ್ಲಿಂ ಹೆಣ್ಣಿಗೆ ಎರಡನೆಯ ಸಲ ಬಾಗಿಲು ಹಾಕುವುದು ಭಯವಲ್ಲ. ಅದಕ್ಕೆ ಬೇರೆ ಹೆಸರಿದೆ, ನಮಗೆಲ್ಲ ಗೊತ್ತಿದೆ.

ನಮ್ಮ ಸಂಘಗಳು ಏನು ಮಾಡಬಹುದು? ಹಸು ಕೊಳ್ಳಲು, ಹೊಲಿಗೆ ಯಂತ್ರ ಕೊಳ್ಳಲು ಸಾಲ ಕೊಡುತ್ತೇವೆ. ಮನೆ ಮುಂಗಡಕ್ಕೆ ಕೇಳಿದರೆ ‘ಅದರಿಂದ ಆದಾಯ ಬರಲ್ಲ’ ಎನ್ನುತ್ತೇವೆ. ಬದುಕಿ ಉಳಿದವಳೇ ಅಲ್ಲವೇ ಹಸು ಸಾಕುವುದು? ಮುಂಗಡಕ್ಕೂ ಸಾಲ ಕೊಡೋಣ. ಖಾಲಿ ಮಾಡುವಾಗ ಆ ಹಣ ವಾಪಸು ಬರುತ್ತದೆ ಎಂಬುದನ್ನು ಮರೆಯಬಾರದು. ಬಾಡಿಗೆ ತಡವಾದರೆ ಸಂಘ ನಿಲ್ಲುತ್ತದೆ ಎಂದು ಮಾಲೀಕರಿಗೆ ಇಬ್ಬರು ಸದಸ್ಯೆಯರು ಹೋಗಿ ಹೇಳೋಣ. ಕರಾರು ಪತ್ರ ಅವಳ ಹೆಸರಿನಲ್ಲೇ ಆಗಲಿ. ಮಕ್ಕಳನ್ನು ಶಾಲೆಗೆ ಸೇರಿಸಲು, ಗ್ಯಾಸಿಗೆ, ಕೋರ್ಟಿಗೆ ವಿಳಾಸ ತೋರಿಸಲು ಅದು ಬೇಕು. ಗಂಡನ ಜೊತೆ ಬಾಡಿಗೆ ಮನೆಯಲ್ಲಿರುವವರೂ ಈ ಸಲ ಹನ್ನೊಂದು ತಿಂಗಳ ಕರಾರು ಮುಗಿದಾಗ ಇಬ್ಬರ ಹೆಸರೂ ಬರೆಸಿ. ಮುಂಗಡ ನಿಮ್ಮ ಸಾಲದ ಹಣವಾದರೆ ರಸೀತಿ ನಿಮ್ಮ ಹೆಸರಿನಲ್ಲಿರಲಿ. ಇಲ್ಲವಾದರೆ ಒಂದು ದಿನ ಅವನು ಮುಂಗಡ ವಾಪಸು ಪಡೆದು ಹೋದಾಗ ನೀವು ಮಕ್ಕಳ ಜೊತೆ ಗೇಟಿನ ಹೊರಗೆ ಇರುತ್ತೀರಿ.

ಎಲ್ಲಕ್ಕಿಂತ ಮೊದಲಿನ ಕೆಲಸ ನಮ್ಮ ಮನೆಯಲ್ಲೇ ಇದೆ. ನಮ್ಮಲ್ಲಿ ಹಲವರು ಸಂಘದ ಸಾಲದಿಂದಲೇ ಹಿತ್ತಲಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಎಬ್ಬಿಸಿದ್ದೇವೆ. ಅದಕ್ಕೆ ಬೋರ್ಡು ಹಾಕುವ ದಿನ ‘ಯಜಮಾನರು ಏನು ಮಾಡ್ತಾರೆ?’ ಎಂಬ ಪ್ರಶ್ನೆಯನ್ನು ನಾವು ಬಿಡಬೇಕು. ‘ನೀವು ಏನು ಕೆಲಸ ಮಾಡ್ತೀರಿ, ಮಕ್ಕಳು ಯಾವ ಶಾಲೆಗೆ ಹೋಗ್ತಾರೆ?’ ಎಂದು ಕೇಳಬೇಕು.

ಆ ಹೆಣ್ಣುಮಗಳು ಆರು ತಿಂಗಳ ನಂತರ ಎರಡನೆಯ ಸಲ ಹೊರಗೆ ಬಂದಳು. ಈ ಸಲ ಮುಂಗಡಕ್ಕೆ ಸಂಘ ಸಾಲ ಕೊಟ್ಟಿತು. ಮೊದಲು ಬಾಗಿಲು ಹಾಕಿದ್ದ ಆ ಇಬ್ಬರು ಸದಸ್ಯೆಯರಲ್ಲಿ ಒಬ್ಬರು, ತಮ್ಮ ಮನೆಯವರೊಡನೆ ವಾದ ಮಾಡಿ, ಔಟ್‌ಹೌಸು ಕೊಟ್ಟರು. ಗಂಡ ಒಂದು ಸಲ ಬಂದು ಗೇಟಿನಲ್ಲಿ ಕೂಗಾಡಿದ. ಬೀದಿಯ ನಾಲ್ಕು ಮನೆಯ ಹೆಂಗಸರು ಹೊರಗೆ ಬಂದು, ಏನೂ ಮಾತಾಡದೆ, ಸುಮ್ಮನೆ ನಿಂತುಕೊಂಡರು. ಅವನು ಹೊರಟುಹೋದ.

ಒಂಬತ್ತು ಗೇಟುಗಳಲ್ಲಿ ತೆರೆದದ್ದು ಒಂದು. ಉಳಿದ ಎಂಟನ್ನು ತಟ್ಟುವ ಕೆಲಸ ನಮ್ಮದು.