ಪತ್ನಿ ಒಪ್ಪದ ನಿವೇಶನ

ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಒಂದು ವ್ಯಾಜ್ಯ ನಡೆದಿದೆ. ಯಲಹಂಕದಾಚೆ ನಿವೇಶನ ಕೊಳ್ಳಬೇಕೆಂಬುದು ನನ್ನ ವಾದ. ಹಣ ಬ್ಯಾಂಕಿನಲ್ಲೇ ಇರಲಿ ಎಂಬುದು ಪತ್ನಿಯದು. ಠೇವಣಿಯ ಬಡ್ಡಿ ಬೆಲೆಯೇರಿಕೆಯ ಹಿಂದೆ ಏದುಸಿರುಬಿಟ್ಟು ಓಡುತ್ತದೆಯೆಂದು ನಾನು ಹೇಳದ ದಿನವಿಲ್ಲ. ಆದರೆ ಆಕೆಯ ಅಂಜಿಕೆಗೂ ಕಾರಣವಿದೆ. ಆಕೆಯ ತಂದೆ ಎಂಬತ್ತರ ದಶಕದಲ್ಲಿ ಒಂದು ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಕಂತು ಕಟ್ಟಿ, ನಿವೃತ್ತರಾಗುವವರೆಗೂ ಹಂಚಿಕೆ ಪತ್ರಕ್ಕೆ ಕಾದರು. ಉಳಿದದ್ದು ರಸೀತಿಗಳ ಕಟ್ಟು.

ಹೆಂಗಸರಿಗೆ ವ್ಯವಹಾರ ತಿಳಿಯದೆಂಬ ಮಾತನ್ನು ನಾವು ಗಂಡಸರು ಈಗ ಬಾಯಿಬಿಟ್ಟು ಆಡುವುದಿಲ್ಲ, ಅಷ್ಟೆ. ಮುಂಗಡ ಕೊಡಲು ಹೊರಟ ದಿನ ಆಕೆ ಕಾಗದಪತ್ರ ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಭೂಪರಿವರ್ತನೆ ಆದೇಶ, ಋಣಭಾರ ಪ್ರಮಾಣಪತ್ರ, ಖಾತೆ ಎಲ್ಲವೂ ಇದ್ದವಲ್ಲ! ಆಕೆ ಓದಿದ್ದು ವಂಶವೃಕ್ಷವನ್ನು. ಪಿತ್ರಾರ್ಜಿತ ಜಮೀನನ್ನು 2009ರಲ್ಲಿ ಇಬ್ಬರು ಸೋದರರು ಮಾರಿದ್ದರು. ವಂಶವೃಕ್ಷದಲ್ಲಿ ಅವರಿಗೊಬ್ಬ ತಂಗಿಯಿದ್ದಳು, ಕ್ರಯಪತ್ರದಲ್ಲಿ ಇರಲಿಲ್ಲ.

"ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ಟಿದ್ದಾರಮ್ಮಾ" ಎಂದ ದಲ್ಲಾಳಿ. "ಹಾಗಾದರೆ ಆಕೆ ನೋಂದಾಯಿಸಿಕೊಟ್ಟ ಹಕ್ಕು ಬಿಡುಗಡೆ ಪತ್ರ ತನ್ನಿ" ಎಂದಳು ಇವಳು. ಆತ ಮತ್ತೆ ಫೋನ್ ಮಾಡಲಿಲ್ಲ.

ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. ಅದಕ್ಕೆ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಸಹಿ ಹಾಕದ ತಂಗಿ ನಾಳೆ ವಿಭಾಗದ ದಾವೆ ಹೂಡಿದರೆ ನಾವೂ ಪ್ರತಿವಾದಿಗಳು. ಋಣಭಾರ ಪತ್ರ ಇದನ್ನು ಹೇಳುವುದಿಲ್ಲ. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುವುದು. ಅದು 'ಶುದ್ಧ'ವಾಗಿದೆಯೆಂದು ಮುಂಗಡ ಕೊಟ್ಟುಬಿಡುವ ವಿದ್ಯಾವಂತರ ಸಂಖ್ಯೆ ಸಣ್ಣದಲ್ಲ. ನಾನೂ ಕೊಡುವವನಿದ್ದೆ.

ಭೂಮಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಸಂಬಳದ ಕುಟುಂಬಕ್ಕೆ ಒಂದು ನಿವೇಶನ ಬೇಕೆಂದೇ ಇಂದಿಗೂ ವಾದಿಸುತ್ತೇನೆ. ಆದರೆ ಸಾಲದ ಅರ್ಜಿಗೆ ಸಹ-ಅರ್ಜಿದಾರಳೆಂದು ಹೆಂಡತಿಯ ಸಹಿ ಪಡೆಯುವ ನಾವು, ಆಸ್ತಿಯ ಕಡತವನ್ನು ಆಕೆಗೆ ಓದಲು ಕೊಡುವುದಿಲ್ಲ. ಒಪ್ಪಿಸುವುದೆಂದರೆ ಲಾಭದ ಲೆಕ್ಕ ಹೇಳುವುದೆಂದು ತಿಳಿದಿದ್ದೇವೆ.

ಈಗ ಇನ್ನೊಂದು ನಿವೇಶನ ನೋಡಿದ್ದೇವೆ. ಕಡತ ವಕೀಲರಿಗಿಂತ ಮೊದಲು ಆಕೆಯ ಮೇಜಿನ ಮೇಲಿದೆ. ಮಾರುವವರಿಗೆ ಅಕ್ಕತಂಗಿಯರೆಷ್ಟು ಮಂದಿಯೆಂದು ನಿನ್ನೆ ರಾತ್ರಿ ಕೇಳಿದಳು. ವಿಚಾರಿಸಲು ಭಾನುವಾರ ಹೊರಟಿದ್ದೇನೆ.