ತಿಜೋರಿಯ ಕಬ್ಬಿಣಕ್ಕೆ ತೋಟದ ಹಣವೇ?

ರೊಬಸ್ಟಾ ಕಾಫಿಯ ಬೆಲೆ 2024 ಮತ್ತು 2025ರಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ ಮೇಲೆ ಮಲೆನಾಡಿನ ಮನೆಗಳಲ್ಲಿ ಬಹುಕಾಲ ಅದುಮಿಟ್ಟಿದ್ದ ಆಸೆಗಳು ಒಂದೊಂದಾಗಿ ತಲೆಯೆತ್ತಿದವು. ಸೋರುವ ಮಾಡಿನ ಹಂಚು ಬದಲಿಸುವುದು, ಕಣಕ್ಕೆ ಸಿಮೆಂಟು ಹಾಕಿಸುವುದು, ಹಳೆಯ ಜೀಪನ್ನು ಕೊಟ್ಟು ಹೊಸದನ್ನು ತರುವುದು ಮುಂತಾದವು ಊರಿನ ಕಣ್ಣಿಗೆ ಬೀಳುವ ಆಸೆಗಳು. ಊರಿನ ಕಣ್ಣಿಗೆ ಬೀಳದ ಆಸೆಯೂ ಒಂದುಂಟು. ಹಳೆಯ ವಿದೇಶಿ ರಿವಾಲ್ವರ್ ಒಂದನ್ನು ಕೊಂಡು, ಎಣ್ಣೆಬಟ್ಟೆಯಲ್ಲಿ ಸುತ್ತಿ, ತಿಜೋರಿಯಲ್ಲಿಡಬೇಕೆಂಬ ಆಸೆ ಅದು. ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್ ಎಂಬ ಹೆಸರುಗಳನ್ನು ಕೆಲವು ಬೆಳೆಗಾರರು ಕುಲದೇವರ ಹೆಸರಿನಷ್ಟೇ ಮೆಲುದನಿಯಲ್ಲಿ ಉಚ್ಚರಿಸುತ್ತಾರೆ.

ಈ ಆಸೆಯನ್ನು ಹಾಸ್ಯಮಾಡಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹಳೆಯ ರಿವಾಲ್ವರಿನಲ್ಲಿ ಕೈಕಸುಬಿನ ಸೊಬಗು ನಿಜಕ್ಕೂ ಇದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರನ್ನು ಬ್ರಿಟಿಷ್ ಸೈನ್ಯ 1887ರಲ್ಲಿ ಅಂಗೀಕರಿಸಿತು. ಹಿಡಿಯ ಮೇಲಿನ ಕೊಂಡಿಯನ್ನು ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಆರು ಖಾಲಿ ತೋಟೆಗಳೂ ಒಮ್ಮೆಗೇ ಹೊರಕ್ಕೆ ಚಿಮ್ಮುವ ಆ ಏರ್ಪಾಡನ್ನು ಕಂಡವರು ಸುಲಭದಲ್ಲಿ ಮರೆಯಲಾರರು. ಅಮೆರಿಕದ ಕೋಲ್ಟ್ ಕಂಪನಿ 1955ರಲ್ಲಿ ಹೊರತಂದ ‘ಪೈಥಾನ್’ ಎಂಬ ರಿವಾಲ್ವರಿನ ಕಡುನೀಲಿ ಹೊಳಪು ಸಂಗ್ರಾಹಕರ ನಡುವೆ ಇಂದಿಗೂ ಮಾತಿನ ವಸ್ತು. ಗಡಿಯಾರವನ್ನೋ ಹಳೆಯ ಪಿಟೀಲನ್ನೋ ಪ್ರೀತಿಸುವವರು ಇರುವಂತೆ ಇದನ್ನು ಪ್ರೀತಿಸುವವರೂ ಇದ್ದಾರೆ. ಆದರೆ ಮಲೆನಾಡಿನಂಥ ನೆಲದಲ್ಲಿ, ಒಂದೆರಡು ಒಳ್ಳೆಯ ವರ್ಷಗಳ ಹಣದಲ್ಲಿ, ಅದನ್ನು ಕೊಳ್ಳಬೇಕೇ ಎಂಬುದು ಪ್ರೀತಿಯಿಂದಷ್ಟೇ ತೀರ್ಮಾನವಾಗುವ ಪ್ರಶ್ನೆಯಲ್ಲ.

ಮೊದಲು ಬೆಲೆಯ ಗುಟ್ಟನ್ನು ತಿಳಿಯಬೇಕು. 1980ರ ದಶಕದ ಮಧ್ಯಭಾಗದಿಂದ ಖಾಸಗಿ ಮಾರಾಟಕ್ಕಾಗಿ ವಿದೇಶಿ ಬಂದೂಕುಗಳನ್ನು ಭಾರತಕ್ಕೆ ತರಿಸುವುದು ಬಹುಮಟ್ಟಿಗೆ ನಿಂತುಹೋಯಿತು. ಆದುದರಿಂದ ದೇಶದೊಳಗೆ ಅಂದು ಇದ್ದ ವಿದೇಶಿ ರಿವಾಲ್ವರುಗಳೇ ಇಂದಿಗೂ ಕೈಯಿಂದ ಕೈಗೆ ತಿರುಗುತ್ತಿವೆ. ಹೊರದೇಶದಲ್ಲಿ ಸಾಧಾರಣವೆನಿಸಿದ್ದ ಸರಕೂ ಇಲ್ಲಿ ಲಕ್ಷಗಳ ಲೆಕ್ಕದಲ್ಲಿ ಬಿಕರಿಯಾಗುವುದಕ್ಕೆ ಇದೇ ಕಾರಣ. ಅಂದರೆ ಕೊಳ್ಳುವವನು ತೆರುವ ಹಣದ ದೊಡ್ಡ ಪಾಲು ಉಕ್ಕಿಗೂ ಅಲ್ಲ, ಕುಶಲಕರ್ಮಿಯ ಬೆರಳಿಗೂ ಅಲ್ಲ. ಸರ್ಕಾರದ ಆಮದು ನೀತಿಗೆ. ನೀತಿ ಬದಲಾದ ದಿನ ಆ ಪಾಲು ಆವಿಯಾಗಬಲ್ಲದು.

ಕೋಲ್ಟ್ ಪೈಥಾನಿನ ಕಥೆಯೇ ಇದಕ್ಕೆ ದೃಷ್ಟಾಂತ. 2005ರ ಹೊತ್ತಿಗೆ ಅದರ ತಯಾರಿಕೆ ಪೂರ್ತಿ ನಿಂತಿತು. ಇನ್ನೆಂದೂ ಬಾರದೆಂದು ನಂಬಿದ ಸಂಗ್ರಾಹಕರು ಮೇಲೆ ಮೇಲೆ ಬೆಲೆಯೇರಿಸಿ ಕೊಂಡರು. 2020ರ ಜನವರಿಯಲ್ಲಿ ಅದೇ ಕಂಪನಿ ಅದೇ ಹೆಸರಿನ ಹೊಸ ರಿವಾಲ್ವರನ್ನು ಸುಮಾರು 1,500 ಡಾಲರಿಗೆ ಮಾರುಕಟ್ಟೆಗೆ ತಂದಿತು. ಹಳೆಯದಕ್ಕೆ ಅದರದೇ ಆರಾಧಕರು ಉಳಿದರೆನ್ನುವುದು ನಿಜವೇ. ಆದರೂ ‘ಇನ್ನು ಸಿಗದು’ ಎಂಬ ಮಾತಿನ ಬೆಲೆ ಎಷ್ಟೆಂಬುದು ಅಂದು ಬಯಲಾಯಿತು. ಭಾರತದಲ್ಲಿಯೂ ವೆಬ್ಲಿಯ ಹೆಸರು ಮರಳಿ ಬಂದಿದೆ. ಲಖನೌದ ಕಂಪನಿಯೊಂದರ ಜೊತೆಗೂಡಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ .32 ಬೋರಿನ ವೆಬ್ಲಿ ರಿವಾಲ್ವರುಗಳ ತಯಾರಿಕೆ 2020ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು, 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಎಂಬ ರಿವಾಲ್ವರನ್ನು 1.22 ಲಕ್ಷ ರೂಪಾಯಿಯ ಆಸುಪಾಸಿನ ಬೆಲೆಗೆ ಮಾರತೊಡಗಿತ್ತು.

ಹರಾಜುಕಟ್ಟೆಯ ಸುದ್ದಿಗಳೂ ಆಸೆಗೆ ಎಣ್ಣೆ ಸುರಿಯುತ್ತವೆ. ‘ಬಿಲ್ಲಿ ದ ಕಿಡ್’ ಎಂಬ ದರೋಡೆಕೋರನನ್ನು 1881ರಲ್ಲಿ ಕೊಂದ ಷೆರಿಫ್ ಪ್ಯಾಟ್ ಗ್ಯಾರೆಟನ ಕೋಲ್ಟ್ ರಿವಾಲ್ವರು 2021ರ ಆಗಸ್ಟಿನಲ್ಲಿ ಅರವತ್ತು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಆದರೆ ಅಲ್ಲಿ ಬಿಕರಿಯಾದುದು ರಿವಾಲ್ವರಲ್ಲ, ಅದರ ಚರಿತ್ರೆ. ಚರಿತ್ರೆಯನ್ನು ಸಾಬೀತುಪಡಿಸುವ ದಾಖಲೆ. ಯಾವುದೋ ಎಸ್ಟೇಟಿನ ದೊರೆ ಬಿಟ್ಟುಹೋದದ್ದೆಂದು ಬಾಯಿಮಾತಿನಲ್ಲಿ ಹೇಳುವ ರಿವಾಲ್ವರಿಗೆ ಅಂಥ ಬೆಲೆ ಕಟ್ಟುವವರಿಲ್ಲ. (ದೊರೆಗಳು ಹೀಗೆ ಬಿಟ್ಟುಹೋದರೆನ್ನಲಾದ ವಸ್ತುಗಳನ್ನೆಲ್ಲ ಒಟ್ಟುಗೂಡಿಸಿದರೆ, ಅವರು ಬರುವಾಗ ಹಡಗುಗಟ್ಟಲೆ ಸಾಮಾನು ತಂದಿರಬೇಕು.)

ಇನ್ನು ಕಾನೂನು. ಹಳೆಯ ವಸ್ತುವಾದುದರಿಂದ ಪರವಾನಗಿ ಬೇಡವೆಂದು ನಂಬಿದವರು ಇದ್ದಾರೆ; ಅದು ಅಪಾಯಕಾರಿ ನಂಬಿಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ ಆಯುಧಗಳಿಗೆ ವಿನಾಯಿತಿ ನೀಡುವುದು ಹೌದು. ಆದರೆ ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದವುಗಳಿಗಷ್ಟೇ ಆ ವಿನಾಯಿತಿ. ಸಂಗ್ರಾಹಕ ಬಯಸುವುದು ಸುಸ್ಥಿತಿಯ ರಿವಾಲ್ವರನ್ನು. ಸುಸ್ಥಿತಿಯಲ್ಲಿದ್ದರೆ ಅದು ಕಾಯ್ದೆಯ ಕಣ್ಣಿನಲ್ಲಿ ಪೂರ್ಣ ಆಯುಧವೇ ಸರಿ. ಅಷ್ಟೇ ಅಲ್ಲ, ವೆಬ್ಲಿಯ ಕನಸು ಕಾಣುವವರೆಲ್ಲ ಕನಸು ಕಾಣುವುದು ಸೈನಿಕರು ಹಿಡಿಯುತ್ತಿದ್ದ .455 ಬೋರಿನದನ್ನು. .380 ಹಾಗೂ .455 ಬೋರಿನ ತೋಟೆ ಹಾಕಿ ಹಾರಿಸಬಹುದಾದ ರಿವಾಲ್ವರುಗಳು ನಿಷೇಧಿತ ವರ್ಗಕ್ಕೆ ಸೇರಿವೆ. ಅವಕ್ಕೆ ಜಿಲ್ಲಾಧಿಕಾರಿಯ ಪರವಾನಗಿ ಸಾಲದು, ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಸಾಮಾನ್ಯ ಬೆಳೆಗಾರನಿಗೆ ದಕ್ಕಬಹುದಾದದ್ದು .32ರಂಥ ನಿಷೇಧಿತವಲ್ಲದ ಬೋರಿನದು ಮಾತ್ರ.

2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ತಾತನ ಕಾಲದ ಜೋಡುನಳಿಗೆ ಕೋವಿಯೊಂದು, ಹಂದಿ ಓಡಿಸಲು ಇಟ್ಟ ಒಂಟಿನಳಿಗೆಯೊಂದು ಇರುವ ಮನೆಯ ಯಜಮಾನನು ರಿವಾಲ್ವರ್ ಕೊಳ್ಳಬೇಕಾದರೆ ಅವೆರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು. ಇಲ್ಲಿ ಕಾಯ್ದೆಯ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಆತ್ಮರಕ್ಷಣೆಗಾಗಿ ಉದ್ದ ನಳಿಗೆಯ ಕೋವಿ, ಬೆಳೆ ರಕ್ಷಣೆಗಾಗಿ ಕೇಪಿನ ಕೋವಿ ಕೇಳುವವನಿಗೆ ಬೇರೆ ಅಡ್ಡಿಯಿಲ್ಲದಿದ್ದಲ್ಲಿ ಪರವಾನಗಿ ಕೊಡಬೇಕೆಂಬುದು 13ನೆಯ ಕಲಮಿನ ಧೋರಣೆ. ರಿವಾಲ್ವರ್ ಕೇಳುವವನು ಮಾತ್ರ ತಕ್ಕ ಕಾರಣವನ್ನು ತೋರಿಸಬೇಕು. ರೈತನಿಗೆ ಯಾವುದು ಹತಾರ, ಯಾವುದು ಹವ್ಯಾಸ ಎಂಬುದನ್ನು ಕಾಯ್ದೆ ಬರೆದವರು ಬಲ್ಲವರಾಗಿದ್ದರು. ರಿವಾಲ್ವರಿನಿಂದ ಆನೆ ಹೆದರದು. ಗದ್ದೆಯ ಅಂಚಿನ ಹಂದಿಗೂ ಮರದ ತುದಿಯ ಮಂಗಕ್ಕೂ ಅದು ಯಾವ ಲೆಕ್ಕವೂ ಅಲ್ಲ.

ಕೊಡಗಿನ ಮಾತು ಬೇರೆಯಲ್ಲವೇ ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ, 2029ರವರೆಗೆ, ಮುಂದುವರಿಸಿತು. ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದಂದು ಹೂವಿಟ್ಟು ಪೂಜಿಸುವ ಆ ಕೋವಿಗೂ ತಿಜೋರಿಯ ರಿವಾಲ್ವರಿಗೂ ಹೋಲಿಕೆ ಸಲ್ಲದು. ಒಕ್ಕದ ಕೋವಿ ಮನೆಯವರೆಲ್ಲರಿಗೆ ಸೇರಿದ್ದು, ಹುಟ್ಟಿನಲ್ಲೂ ಸಾವಿನಲ್ಲೂ ಊರೆಲ್ಲ ಕೇಳುವಂತೆ ಮಾತಾಡುವಂಥದು. ಕೊಂಡುತಂದ ರಿವಾಲ್ವರು ಒಬ್ಬನದು. ಅದರ ಬೆಲೆ ಎಷ್ಟೆಂಬುದು ಅನೇಕ ವೇಳೆ ಮನೆಯ ಹೆಂಗಸರಿಗೇ ತಿಳಿದಿರುವುದಿಲ್ಲ.

ಮಳೆಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಒಣ ಮರುಭೂಮಿಯ ಸಂಗ್ರಾಹಕನಿಗೆ ದಶಕಗಳ ಕಾಲ ಉಳಿಯುವ ನೀಲಿ ಹೊಳಪು, ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪೂ ನೀರೊಡೆಯುವ ಮಲೆನಾಡಿನ ಮನೆಯಲ್ಲಿ ಉಳಿಸಿಕೊಳ್ಳುವುದು ಹರಸಾಹಸ. ಚರ್ಮದ ಚೀಲದಲ್ಲಿಟ್ಟರೆ ಸುರಕ್ಷಿತವೆಂಬ ಭಾವನೆಯೂ ತಪ್ಪು. ಚರ್ಮ ತೇವವನ್ನು ಹೀರಿಕೊಂಡು ಉಕ್ಕಿಗೆ ಅಂಟಿಸುತ್ತದೆ, ಹೊಳಪಿನ ಕೆಳಗೆ ತುಕ್ಕು ಗುಳಿ ಕೊರೆಯುತ್ತದೆ. ತುಕ್ಕು ಕಂಡಾಗ ಉಜ್ಜಿಸಿ ಮತ್ತೆ ಬಣ್ಣ ಹಾಕಿಸಿದರೆ ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆ ಅಲ್ಲಿಗೆ ಮುಗಿದಂತೆಯೇ. ನಡೆದಾಡುವ ಸಂದೂಕಿನಂಥ ಸುಗ್ಗಿಯ ದಿನಗಳಲ್ಲಿ ಕೊಂಡದ್ದನ್ನು ನಾಲ್ಕು ಮಳೆಗಾಲ ಕಳೆದು ಅದೇ ಬೆಲೆಗೆ ಮಾರಬಹುದೆಂಬ ಲೆಕ್ಕ ಆಗುಂಬೆಯ ಸೀಮೆಯಲ್ಲಿ ನಿಲ್ಲದು.

ಹಿಡಿಗೆ ದಂತ ಕೂರಿಸಿದ ರಿವಾಲ್ವರುಗಳಿಗೆ ಹೆಚ್ಚಿನ ಬೆಲೆಯುಂಟು. ಆನೆಯ ನಾಡಿನವರು ಇದರ ಬಳಿಗೆ ಸುಳಿಯಲೇಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳಿಂದ ಭಾರತದ ಆನೆಯ ದಂತವಿರಲಿ, ಆಫ್ರಿಕದ ಆನೆಯದಿರಲಿ, ಎರಡರ ವ್ಯಾಪಾರವೂ ಅಪರಾಧವಾಗಿದೆ.

ಹಣ ಹೂಡುವುದಕ್ಕೂ ಒಡವೆ ಕೊಳ್ಳುವುದಕ್ಕೂ ಇದನ್ನು ಹೋಲಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಆಸ್ಪತ್ರೆಯ ಖರ್ಚು ಎದುರಾದ ರಾತ್ರಿ ಬಂಗಾರದ ಸರವನ್ನು ಅಡವಿಡಬಹುದು. ರಿವಾಲ್ವರನ್ನು ಮಾರಬೇಕಾದರೆ ಕೊಳ್ಳುವವನ ಕೈಯಲ್ಲಿ ಮೊದಲೇ ಪರವಾನಗಿಯಿರಬೇಕು, ಅಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಿರಬೇಕು. ಅಗತ್ಯದ ಹೊತ್ತಿಗೆ ಅದು ಹಣವಾಗದು. ಚುನಾವಣೆ ಬಂದಾಗಲಂತೂ ಠಾಣೆಗೆ ಒಪ್ಪಿಸುವ ಪ್ರಸಂಗ. 2023ರ ವಿಧಾನಸಭಾ ಚುನಾವಣೆಯಲ್ಲೂ 2024ರ ಲೋಕಸಭಾ ಚುನಾವಣೆಯಲ್ಲೂ ಬೆಳೆಗಾರರು ಬಂದೂಕು ಹೊತ್ತು ಠಾಣೆಯ ಮೆಟ್ಟಿಲು ಹತ್ತಿದ್ದನ್ನು ಮಲೆನಾಡು ಕಂಡಿದೆ. ಸಾವಿರ ಮುತುವರ್ಜಿಯಿಂದ ಒರೆಸಿಟ್ಟ ವಸ್ತು ಅಲ್ಲಿ ಯಾವ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆಂಬುದನ್ನು ಊಹಿಸಬಹುದು.

ಇವೆಲ್ಲಕ್ಕಿಂತ ಭಾರವಾದ ಸಂಗತಿಯನ್ನು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಕ್ಯಾಲಿಫೋರ್ನಿಯದ ಸುಮಾರು ಎರಡೂವರೆ ಕೋಟಿ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೈಬಂದೂಕು ಹೊಂದಿದ ಗಂಡಸರು ಅದಿಲ್ಲದವರಿಗಿಂತ ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಸುಮಾರು ಎಂಟು ಪಟ್ಟು ಹೆಚ್ಚೆಂದೂ ಹೆಂಗಸರಲ್ಲಿ ಅದು ಸುಮಾರು ಮೂವತ್ತೈದು ಪಟ್ಟೆಂದೂ ತೋರಿಸಿಕೊಟ್ಟಿತು. ಅದು ಪರದೇಶದ ಲೆಕ್ಕವೆಂದು ತಳ್ಳಿಹಾಕಲಾಗದು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಮುರಿದುಬಿದ್ದು, 2001ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿದಾಗ ಸಾಲಗಾರರಾದ ಮನೆಗಳು ಎಷ್ಟೆಂಬುದನ್ನು ಹಿರಿಯರು ಮರೆತಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಅಂಟಿದ ತೋಟಗಳಲ್ಲಿ ಇಂದಿಗೂ ನಿದ್ದೆಯಿಲ್ಲದ ರಾತ್ರಿಗಳಿವೆ. ಏರಿದ ಬೆಲೆಯ ಹಣದಲ್ಲಿ ಕೊಂಡ ವಸ್ತು, ಬೆಲೆ ಇಳಿದ ವರ್ಷವೂ ಅದೇ ತಿಜೋರಿಯಲ್ಲಿರುತ್ತದೆ. ಮನಸ್ಸು ಕುಸಿದವರು ಇರುವ ಮನೆಯಿಂದ ಬಂದೂಕನ್ನು ಕೆಲಕಾಲ ದೂರವಿಡುವುದು ನಾಚಿಕೆಯ ಮಾತಲ್ಲ. ಪರವಾನಗಿಯುಳ್ಳ ವ್ಯಾಪಾರಿಯಲ್ಲಿಯೋ ಠಾಣೆಯಲ್ಲಿಯೋ ಅದನ್ನು ಇರಿಸಲು ಕಾನೂನಿನಲ್ಲಿ ಅವಕಾಶವಿದೆ.

ಆದುದರಿಂದ ಹೊಸದಾಗಿ ಕೊಳ್ಳಹೊರಟವರಿಗೆ ಉತ್ತರ ಸ್ಪಷ್ಟ: ಬೇಡ. ಕೆರೆಯ ಹೂಳೆತ್ತಿಸಲು, ಕಡಿದ ನೆರಳುಮರಗಳ ಜಾಗದಲ್ಲಿ ಹಲಸು, ಅತ್ತಿ, ನಂದಿಯ ಸಸಿ ನೆಡಲು, ಸಾಲದ ಅಸಲು ತೀರಿಸಲು ಆ ಹಣಕ್ಕೆ ದಾರಿಗಳಿವೆ. ರಿವಾಲ್ವರಿನ ಸೊಬಗಿಗೆ ಮನಸೋತವರು ಅದರ ಚರಿತ್ರೆಯನ್ನು ಓದಬಹುದು, ರೈಫಲ್ ಸಂಸ್ಥೆಯ ಸದಸ್ಯರಾಗಿ ಗುರಿಯ ಕಲೆಯನ್ನು ಕಲಿಯಬಹುದು.

ತಾತನೋ ತಂದೆಯೋ ಬಿಟ್ಟುಹೋದ ರಿವಾಲ್ವರ್ ಈಗಾಗಲೇ ಮನೆಯಲ್ಲಿದ್ದರೆ ಪ್ರಶ್ನೆ ಬೇರೆ. ಅಲ್ಲಿ ಖರ್ಚಿನ ಮಾತಿಲ್ಲ, ಹೊಣೆಯ ಮಾತು. ಪರವಾನಗಿದಾರರು ತೀರಿಕೊಂಡ ಮೇಲೆ ವಾರಸುದಾರರು ಸುಮ್ಮನೆ ಅದನ್ನು ಇರಿಸಿಕೊಂಡರೆ ಅಕ್ರಮವಾಗುತ್ತದೆ. ತಕ್ಷಣ ಠಾಣೆಗೋ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆದು, ಆಮೇಲೆ ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಹಿರಿಯರು ಬದುಕಿರುವಾಗಲೇ, ಅವರಿಗೆ ಎಪ್ಪತ್ತು ವರ್ಷ ತುಂಬಿದ್ದರೆ ಅಥವಾ ಅವರು ಆ ಬಂದೂಕನ್ನು ಇಪ್ಪತ್ತೈದು ವರ್ಷ ಹೊಂದಿದ್ದರೆ, ವಾರಸುದಾರರ ಹೆಸರಿಗೆ ಪರವಾನಗಿ ಕೋರಬಹುದು. ಓದಲೆಂದು ಪಟ್ಟಣಕ್ಕೆ ಹೋಗಿರುವ ಮಕ್ಕಳು ರಜೆಯಲ್ಲಿ ಮನೆಗೆ ಬಂದಾಗ ತಿಜೋರಿಯ ಕಾಗದವನ್ನೊಮ್ಮೆ ತೆಗೆದು, ಅವಧಿ ಎಂದು ಮುಗಿಯುತ್ತದೆಂಬುದನ್ನು ಹಿರಿಯರಿಗೆ ಓದಿ ಹೇಳಲಿ.